ತಮ್ಮನ ಟೊಮೆಟೊ, ನನ್ನ ಪಾಸ್ತಾ ಸಾಸ್

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ನನ್ನ ತಮ್ಮನ ತೋಟ ಆಗ ಇನ್ನೂ ಹೂವಿನಲ್ಲಿತ್ತು. ಹೂವು ಕಾಯಾಗಿ, ಕಾಯಿ ಹಣ್ಣಾಗಿ ಕೀಳುವ ಹೊತ್ತಿಗೆ ಸೆಪ್ಟೆಂಬರ್ ಬಂತು, ಬೆಲೆ ನೆಲ ಕಚ್ಚಿತು. ಕೀಳುವ ಕೂಲಿ, ಗಾಡಿ ಬಾಡಿಗೆ ಎಲ್ಲ ಲೆಕ್ಕ ಹಾಕಿ ನೋಡಿದವನು ಒಂದಷ್ಟು ಬಾಕ್ಸುಗಳನ್ನು ಮಂಡಿಗೆ ಹಾಕದೆ ನೆಂಟರ ಮನೆಗಳಿಗೆ ಹಂಚಿದ. ನಮ್ಮ ಮನೆ ಜಗಲಿಯ ಮೇಲೂ ಒಂದು ಬಾಕ್ಸ್ ಇಳಿಸಿ, "ಅಕ್ಕ, ರೋಡಿಗೆ ಸುರಿಯೋಕೆ ನನ್ನ ಕೈಲಾಗಲ್ಲ. ನೀನೇ ಏನಾದ್ರೂ ಮಾಡ್ಕೋ" ಅಂದು ಹೊರಟುಹೋದ.

ಸಾರು ಮಾಡಿದೆ, ತೊಕ್ಕು ಮಾಡಿದೆ, ಅಕ್ಕಪಕ್ಕದವರಿಗೆ ಕೊಟ್ಟೆ. ಇನ್ನೂ ಆರು ಕೆ.ಜಿ. ಉಳಿಯಿತು. ಅದೇ ವಾರ ಬೆಂಗಳೂರಿನ ಹಾಸ್ಟೆಲಿನಿಂದ ಮಗಳು ಬರುವವಳಿದ್ದಳು. ಅವಳಿಗೆ ಪಾಸ್ತಾ ಅಂದರೆ ಪ್ರಾಣ. ಅದಕ್ಕೂ ಮುಂಚೆ ಸುಮಾರು ಒಂದು ವರ್ಷದಿಂದ ನಾನು ಮನೆಯಲ್ಲಿ ಪಾಸ್ತಾ ಮಾಡುತ್ತಿದ್ದೆ, ಆದರೆ ಒಂದು ದಿನವೂ ಅದು ನನಗೆ ಸಮಾಧಾನ ಕೊಟ್ಟಿರಲಿಲ್ಲ. ಟೊಮೆಟೊ ಹೆಚ್ಚಿ, ಮಿಕ್ಸಿಗೆ ಹಾಕಿ, ಒಗ್ಗರಣೆಗೆ ಸುರಿದು ಹತ್ತು ನಿಮಿಷ ಕುದಿಸುತ್ತಿದ್ದೆ. ತಟ್ಟೆಗೆ ಬಡಿಸಿದ ಎರಡೇ ನಿಮಿಷಕ್ಕೆ ಪಾಸ್ತಾ ಒಂದು ಕಡೆ, ಕೆಂಪು ನೀರು ಒಂದು ಕಡೆ. ರುಚಿ ಸಾಲದು ಅನ್ನಿಸಿ ಅಚ್ಚಖಾರದ ಪುಡಿ ಹಾಕಿದೆ, ಕೆಚಪ್ ಹಾಕಿದೆ, ಗರಂ ಮಸಾಲೆ ಹಾಕಿದೆ, ಒಮ್ಮೆ ಬೆಲ್ಲವನ್ನೂ ಹಾಕಿದೆ. ಬೆಲ್ಲ ಬಿದ್ದ ದಿನ ಅದು ನೇರವಾಗಿ ಗೊಜ್ಜೇ ಆಯಿತು. ಗೊಜ್ಜು ನನಗೆ ಬಹಳ ಇಷ್ಟ, ಆದರೆ ಅದಕ್ಕೆ ಬಿಸಿ ಅನ್ನ ಬೇಕು, ಚಪಾತಿ ಬೇಕು.

ಆರು ಕೆ.ಜಿ. ಹಣ್ಣು ಎದುರಿಗಿದ್ದಾಗ ಧೈರ್ಯ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಕ್ಕಳಿಗೆ ಹೇಳುವ ಹಾಗೆಯೇ ಒಂದೊಂದು ಸಲಕ್ಕೆ ಒಂದೊಂದನ್ನೇ ಬದಲಾಯಿಸಿ ನೋಡೋಣ ಅಂತ ಕೂತೆ.

ಮೊದಲು ಹಿಡಿದದ್ದು ನೀರಿನ ಲೆಕ್ಕ. ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರು. ನನ್ನ ಸಾಸಿಗೆ ಇನ್ನೂ ಏನೋ ಸೇರಬೇಕು ಅಂತ ಒಂದು ವರ್ಷ ಡಬ್ಬಿಗಳನ್ನು ತಡಕಿದ್ದೆ. ಅದರಿಂದ ನೀರು ಹೋಗಬೇಕಿತ್ತು, ಅಷ್ಟೇ.

ನೀರು ಹೋಗಬೇಕಾದರೆ ಪಾತ್ರೆ ಅಗಲವಾಗಿರಬೇಕು. ನಾನು ಬಳಸುತ್ತಿದ್ದದ್ದು ಸಾರಿನ ಆಳದ ಪಾತ್ರೆ. ಅದರಲ್ಲಿ ಮುಕ್ಕಾಲು ಗಂಟೆಯಾದರೂ ತೆಳ್ಳಗೇ ಇದ್ದ ಅಷ್ಟೇ ಟೊಮೆಟೊ, ಅಗಲ ತಳದ ಸ್ಟೀಲ್ ಬಾಣಲೆಯಲ್ಲಿ ಅರ್ಧ ಗಂಟೆಯೊಳಗೆ ಹದಕ್ಕೆ ಬಂತು. ಕಬ್ಬಿಣದ ಬಾಣಲೆ, ಅಲ್ಯೂಮಿನಿಯಂ ಪಾತ್ರೆ ಎರಡೂ ಬೇಡ. ಟೊಮೆಟೊದ ಹುಳಿ ಲೋಹವನ್ನು ಎಳೆದುಕೊಂಡು ಬಾಯಿಗೆ ಕಿಲುಬಿನಂಥ ರುಚಿ ಬರುತ್ತದೆ. ಮೇಲೆ ಮುಚ್ಚಳವೂ ಬೇಡ.

ಎರಡನೆಯದು ಮಿಕ್ಸಿ. ಹಸಿ ಟೊಮೆಟೊವನ್ನು ಮಿಕ್ಸಿಯಲ್ಲಿ ತಿರುವಿದರೆ ಗಾಳಿ ಸೇರಿ ನೊರೆ ಏಳುತ್ತದೆ, ಬಣ್ಣ ಕೆಂಪು ಬಿಟ್ಟು ಕಿತ್ತಳೆಗೆ ತಿರುಗುತ್ತದೆ. ಬೀಜ ಒಡೆದು ಸಣ್ಣಗೆ ಕಹಿಯೂ ಇಳಿಯುತ್ತದೆ. ಈಗ ನಾನು ಹಣ್ಣನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಕೊಯ್ದ ಮುಖವನ್ನು ಕ್ಯಾರೆಟ್ ತುರಿಯುವ ಮಣೆಗೆ ಒತ್ತಿ ತುರಿಯುತ್ತೇನೆ. ತಿರುಳು ಕೆಳಗೆ ಬೀಳುತ್ತದೆ, ಸಿಪ್ಪೆ ಅಂಗೈಯಲ್ಲಿ ಉಳಿಯುತ್ತದೆ. ನಮ್ಮ ಕಡೆಯ ಹೈಬ್ರಿಡ್ ಹಣ್ಣಿಗೆ ಇದು ಹೇಳಿ ಮಾಡಿಸಿದ ಉಪಾಯ. ಉತ್ತರ ಭಾರತದವರೆಗೆ ಲಾರಿಯಲ್ಲಿ ಹೋದರೂ ಒಡೆಯಬಾರದು ಅಂತ ಅದರ ಸಿಪ್ಪೆ ದಪ್ಪವಾಗಿರುತ್ತದೆ. ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿಯುವ ಕೆಲಸವೂ ತಪ್ಪುತ್ತದೆ. ಬೀಜದ ಸುತ್ತ ಇರುವ ಲೋಳೆಯನ್ನು ಮಾತ್ರ ಚೆಲ್ಲಬೇಡಿ. ನೀರು ಕಡಿಮೆಯಾಗಲಿ ಅಂತ ನಾನೂ ಒಂದು ಸಲ ಅದನ್ನು ತೆಗೆದುಹಾಕಿದ್ದೆ, ಸಾಸ್ ಸಪ್ಪೆಯಾಯಿತು. ಟೊಮೆಟೊಗೆ ಬಾಯಲ್ಲಿ ನಿಲ್ಲುವ ರುಚಿ ಕೊಡುವ ಗ್ಲುಟಮೇಟ್ ಹೊರಗಿನ ತಿರುಳಿಗಿಂತ ಆ ಲೋಳೆಯಲ್ಲೇ ಹೆಚ್ಚು.

ಹಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ದೂರದ ಮಾರುಕಟ್ಟೆಗೆ ಹೋಗುವ ಟೊಮೆಟೊವನ್ನು ಅರೆಬಣ್ಣ ತಿರುಗಿದಾಗಲೇ ಕೀಳುತ್ತಾರೆ. ಅದನ್ನು ತಂದ ದಿನವೇ ಸಾಸ್ ಮಾಡಿದರೆ ಹುಳಿ ಇರುತ್ತದೆ, ಘಮ ಇರುವುದಿಲ್ಲ. ನಾನು ಗೋಣಿಚೀಲದ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ ಮೂರು ನಾಲ್ಕು ದಿನ ಬಿಟ್ಟೆ. ಪೂರಾ ಕೆಂಪಾಗಿ, ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗುವ ಹಾಗಾಯಿತು. ಫ್ರಿಜ್ಜಿನಲ್ಲಿಟ್ಟ ಹಣ್ಣು ಹೀಗೆ ಮಾಗುವುದಿಲ್ಲ, ಚಳಿಗೆ ಅದರ ವಾಸನೆಯೇ ಅಡಗಿಹೋಗುತ್ತದೆ. ಇಟಲಿಯಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಆಸುಪಾಸಿನ ಬಯಲಿನಲ್ಲಿ ಬೆಳೆಯುವ ಸಾನ್ ಮಾರ್ಜಾನೊ ಟೊಮೆಟೊ ಸಾಸಿಗೆ ಹೆಸರುವಾಸಿ. ಅದು ಉದ್ದನೆಯ ಹಣ್ಣು, ಬೀಜ ಕಡಿಮೆ, ತಿರುಳು ದಪ್ಪ. ನಮ್ಮ ಹೈಬ್ರಿಡ್‌ನಲ್ಲೂ ತಿರುಳಿಗೆ ಕೊರತೆಯಿಲ್ಲ, ಕೊರತೆ ಇರುವುದು ರುಚಿಯಲ್ಲಿ. ನಾಟಿ ಟೊಮೆಟೊದ್ದು ತಿರುಗಾಮುರುಗಾ: ತೆಳು ಸಿಪ್ಪೆ, ತುಂಬ ರಸ, ಜೊತೆಗೆ ನಾಲಿಗೆ ಚುರುಕಾಗಿಸುವ ಹುಳಿ. ಬರೀ ನಾಟಿಯಲ್ಲಿ ಮಾಡಿದ್ದು ತೀರಾ ಹುಳಿಯಾಯಿತು. ಮೂರು ಪಾಲು ಹೈಬ್ರಿಡ್, ಒಂದು ಪಾಲು ನಾಟಿ ಹಾಕಿದಾಗ ನನಗೆ ಬೇಕಾದ ರುಚಿ ಸಿಕ್ಕಿತು.

ಈಗ ನಾನು ಮಾಡುವುದು ಹೀಗೆ. ನಾಲ್ಕು ಜನಕ್ಕೆ ಒಂದು ಕೆ.ಜಿ. ಹಣ್ಣು ತುರಿದಿಟ್ಟುಕೊಳ್ಳುತ್ತೇನೆ. ಬಾಣಲೆಗೆ ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ ಹಾಕಿ, ಎಣ್ಣೆ ತಣ್ಣಗಿರುವಾಗಲೇ ಐದಾರು ಎಸಳು ಬೆಳ್ಳುಳ್ಳಿಯನ್ನು ತೆಳ್ಳಗೆ ಹೆಚ್ಚಿ ಬಿಟ್ಟು, ಆಮೇಲೆ ಸಣ್ಣ ಉರಿ ಹಚ್ಚುತ್ತೇನೆ. ಒಗ್ಗರಣೆಗೆ ಎಣ್ಣೆ ಚೆನ್ನಾಗಿ ಕಾಯಬೇಕು ಅನ್ನುವುದು ನಮ್ಮ ಕೈಗೆ ಹತ್ತಿದ ಅಭ್ಯಾಸ, ಅದನ್ನು ಇಲ್ಲಿ ಬಿಡಬೇಕಾಯಿತು. ಕಾದ ಎಣ್ಣೆಯಲ್ಲಿ ಬೆಳ್ಳುಳ್ಳಿ ಅರೆಕ್ಷಣದಲ್ಲಿ ಕಂದುಗಟ್ಟುತ್ತದೆ, ಆ ಕಹಿ ಕೊನೆಯವರೆಗೂ ಹೋಗುವುದಿಲ್ಲ. ಎಸಳಿನ ಅಂಚು ಹೊಂಬಣ್ಣಕ್ಕೆ ತಿರುಗುವ ಮುಂಚೆಯೇ ಟೊಮೆಟೊ ಸುರಿದು, ಮುಕ್ಕಾಲು ಚಮಚ ಉಪ್ಪು ಹಾಕುತ್ತೇನೆ. ಖಾರ ಬೇಕಿದ್ದರೆ ಬೆಳ್ಳುಳ್ಳಿಯ ಜೊತೆಗೇ ಒಂದು ಒಣಮೆಣಸಿನಕಾಯಿ ಮುರಿದು ಹಾಕಬಹುದು, ಇಟಲಿಯವರೂ ಹಾಕುತ್ತಾರೆ. ಸಾಸಿವೆ, ಜೀರಿಗೆ, ಇಂಗು ಯಾವುದೂ ಇಲ್ಲ. ಕಡಲೆಕಾಯಿ ಎಣ್ಣೆಯಲ್ಲೂ ಮಾಡಿ ನೋಡಿದೆ. ತಿನ್ನಲು ಚೆನ್ನಾಗಿಯೇ ಇತ್ತು, ಆದರೆ ಗಾಣದ ಎಣ್ಣೆಯ ವಾಸನೆ ಟೊಮೆಟೊಗಿಂತ ಮುಂದೆ ಬಂತು. ಆಲಿವ್ ಎಣ್ಣೆ ಇಲ್ಲದ ದಿನ ಬೆಣ್ಣೆಯೇ ವಾಸಿ.

ಮೊದಲ ಐದು ನಿಮಿಷ ಉರಿ ಜೋರು, ಆಮೇಲೆ ಸಣ್ಣದು. ಶುರುವಿನಲ್ಲಿ ದೊಡ್ಡ ದೊಡ್ಡ ಗುಳ್ಳೆ ಸಲೀಸಾಗಿ ಒಡೆಯುತ್ತವೆ. ಇಪ್ಪತ್ತು ನಿಮಿಷದ ಹೊತ್ತಿಗೆ ಗುಳ್ಳೆ ಸಣ್ಣದಾಗಿ, ಮುದ್ದೆಗೆ ಹಿಟ್ಟು ಕುದಿಯುವಾಗಿನ ಹಾಗೆ ಪುಳಕ್ ಪುಳಕ್ ಅನ್ನುತ್ತದೆ. ಆಮೇಲೆ ಅಂಚಿನಲ್ಲಿ ಎಣ್ಣೆ ಬಿಡಲು ಶುರುವಾಗುತ್ತದೆ. ಇದನ್ನು ನಮ್ಮಮ್ಮ ತೊಕ್ಕು ಮಾಡುವಾಗ ಸಾವಿರ ಸಲ ಹೇಳಿದ್ದಾರೆ: "ಎಣ್ಣೆ ಬಿಡೋ ತನಕ ಒಲೆ ಬಿಟ್ಟು ಏಳಬೇಡ." ಟೊಮೆಟೊದ ಕೆಂಪಿಗೆ ಕಾರಣವಾದ ಲೈಕೋಪೀನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ನೀರು ಆರಿದ ಮೇಲೆ ಅಂಚಿನ ಎಣ್ಣೆ ಕೆಂಪಗೆ ಹೊಳೆಯುವುದು ಅದಕ್ಕೇ. ಅಮ್ಮ ಕಣ್ಣಳತೆಯಲ್ಲಿ ಹಿಡಿಯುತ್ತಿದ್ದದ್ದೂ ಅದನ್ನೇ. ಪಾಸ್ತಾ ಸಾಸಿಗೆ ಮಾತ್ರ ತೊಕ್ಕಿನಷ್ಟು ಬಿಗಿಯಾಗುವವರೆಗೆ ಕಾಯಬಾರದು. ಸೌಟಿನಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದಾಗ ಆ ಗೆರೆ ಒಂದು ಕ್ಷಣ ನಿಂತು ಮುಚ್ಚಿಕೊಂಡರೆ ಸಾಕು. ಒಂದು ಕೆ.ಜಿ. ಹಣ್ಣು ಅರ್ಧ ಕೆ.ಜಿ.ಗಿಂತ ಕಡಿಮೆಗೆ ಇಳಿದಿರುತ್ತದೆ.

ಹುಳಿ ಇನ್ನೂ ಹೆಚ್ಚು ಅನ್ನಿಸಿದರೆ? ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿದೆ. ಬುಸ್ಸನೆ ನೊರೆ ಎದ್ದು ಹುಳಿಯೇನೋ ಇಳಿಯಿತು, ಜೊತೆಗೆ ರುಚಿಯೂ ಚಪ್ಪಟೆಯಾಯಿತು. ಅದಕ್ಕಿಂತ ಒಂದು ಈರುಳ್ಳಿಯನ್ನು ಎರಡು ಹೋಳು ಮಾಡಿ ಶುರುವಿನಿಂದಲೇ ಟೊಮೆಟೊ ಜೊತೆ ಬೇಯಿಸಿ, ಕೊನೆಗೆ ತೆಗೆದುಬಿಡುವುದು ಒಳ್ಳೆಯದು. ಮೆಲ್ಲಗೆ ಬಿಟ್ಟುಕೊಂಡ ಅದರ ಸಿಹಿ ಸಾಕಾಗುತ್ತದೆ.

ಇಳಿಸುವ ಮುಂಚೆ ಬೇಸಿಲ್ ಎಲೆ. ಕೋಲಾರದ ತರಕಾರಿ ಅಂಗಡಿಯಲ್ಲಿ ನನಗೆ ಅದು ಸಿಗಲಿಲ್ಲ. ಹೂವಿನ ಅಂಗಡಿಯಲ್ಲಿ ದವನ, ಮರುಗದ ಪಕ್ಕದಲ್ಲಿ ಕಾಮಕಸ್ತೂರಿ ಇತ್ತು. ಬೇಸಿಲ್, ಕಾಮಕಸ್ತೂರಿ ಎರಡೂ ಒಂದೇ ಸಸ್ಯದ ಬೇರೆ ಬೇರೆ ಬಗೆಗಳು. ನಮ್ಮ ಕಾಮಕಸ್ತೂರಿಯ ವಾಸನೆ ಗಡಸು, ಇಟಲಿಯವರ ಬೇಸಿಲ್ ಮೆದು. ಹಾರಕ್ಕೆ ತಂದ ಸೊಪ್ಪಿಗೆ ಏನು ಔಷಧಿ ಹೊಡೆದಿರುತ್ತಾರೋ ಅನ್ನುವ ಭಯಕ್ಕೆ ಅದನ್ನು ಅಡುಗೆಗೆ ಹಾಕದೆ, ಬೀಜ ಬಿತ್ತಿ ಕುಂಡದಲ್ಲೇ ಬೆಳೆಸಿಕೊಂಡೆ. ನಾಲ್ಕೇ ಎಲೆ ಕೈಯಲ್ಲಿ ಹರಿದು, ಒಲೆ ಆರಿಸಿದ ಮೇಲೆ ಹಾಕುತ್ತೇನೆ. ಹೆಚ್ಚಾದರೆ ದೇವರ ಮನೆಯ ನೆನಪು ಬರುತ್ತದೆ.

ಇಷ್ಟಾದರೂ ಇನ್ನೊಂದು ಕೊರತೆ ಉಳಿದಿತ್ತು. ಸಾಸ್ ಚೆನ್ನಾಗಿದೆ, ಪಾಸ್ತಾ ಚೆನ್ನಾಗಿ ಬೆಂದಿದೆ, ಎರಡೂ ಒಂದಕ್ಕೊಂದು ಹತ್ತಿಕೊಳ್ಳುತ್ತಿರಲಿಲ್ಲ. ನಾನು ಪಾಸ್ತಾ ಬೇಯಿಸಿದ ನೀರನ್ನು ಸಿಂಕಿಗೆ ಬಸಿದು, ಮೇಲೆ ತಣ್ಣೀರು ಬೇರೆ ಹಾಕಿ ತೊಳೆಯುತ್ತಿದ್ದೆ. ಒಂದು ಸಂಜೆ ಹೀಗೇ ಬಸಿಯುತ್ತಿದ್ದಾಗ ಆ ಬಿಳಿ ನೀರು ಹರಿದುಹೋಗುವುದನ್ನು ನೋಡಿ ಕೈ ತಡೆಯಿತು. ನಮ್ಮದು ಬಸ್ಸಾರಿನ ಸೀಮೆ. ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಈ ಕಡೆಯ ಯಾವ ಹೆಂಗಸೂ ಚೆಲ್ಲುವುದಿಲ್ಲ, ಸಾರಿನ ಜೀವ ಇರುವುದೇ ಅದರಲ್ಲಿ. ಪಾಸ್ತಾದ ಕಟ್ಟನ್ನು ಮಾತ್ರ ನಾನು ವರ್ಷಪೂರ್ತಿ ಚೆಲ್ಲಿದ್ದೆ.

ಆ ನೀರಿನಲ್ಲಿ ಪಿಷ್ಟ ಕರಗಿರುತ್ತದೆ. ಸಾಸಿನ ಎಣ್ಣೆಯನ್ನೂ ನೀರನ್ನೂ ಬೇರೆಯಾಗಲು ಬಿಡದೆ ಕೂಡಿಸಿ ಹಿಡಿಯುವುದು ಆ ಪಿಷ್ಟ. ಹಾಗಾಗಿ ಈಗ ತಲೆಗೆ 100 ಗ್ರಾಂ ಪಾಸ್ತಾ, 100 ಗ್ರಾಂಗೆ ಒಂದು ಲೀಟರ್ ನೀರು, ಲೀಟರಿಗೆ ಸುಮಾರು 10 ಗ್ರಾಂ ಉಪ್ಪು. ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಎರಡು ನಿಮಿಷ ಮುಂಚೆಯೇ ಪಾಸ್ತಾ ತೆಗೆದು, ತೊಳೆಯದೆ, ನೇರವಾಗಿ ಸಾಸಿನ ಬಾಣಲೆಗೆ ಹಾಕುತ್ತೇನೆ. ಒಂದು ಸೌಟು ಕಟ್ಟು ಸುರಿದು ಜೋರು ಉರಿಯಲ್ಲಿ ಎರಡು ನಿಮಿಷ ಬಿಡದೆ ತಿರುವುತ್ತೇನೆ. ಪಾಸ್ತಾ ಉಳಿದಷ್ಟು ಬೇಯುವುದು ಸಾಸಿನಲ್ಲೇ. ಕಣ್ಣೆದುರಿಗೇ ಸಾಸ್ ಮಿರಮಿರ ಮಿನುಗಿ ಪಾಸ್ತಾಗೆ ಅಂಟಿಕೊಳ್ಳುತ್ತದೆ. ಮಗಳು ತಿಂದು ಮುಗಿಸಿದ ತಟ್ಟೆಯಲ್ಲಿ ಅವತ್ತು ಕೆಂಪು ನೀರು ಇರಲಿಲ್ಲ. "ಅಮ್ಮ, ಇದಕ್ಕೆ ಏನೂ ಹಾಕಿಲ್ವಾ?" ಅಂತ ಎರಡು ಸಲ ಕೇಳಿದಳು.

ಉಳಿದ ಹಣ್ಣಿನದ್ದನ್ನೆಲ್ಲ ಒಟ್ಟಿಗೆ ಸಾಸ್ ಮಾಡಿಟ್ಟೆ. ದಕ್ಷಿಣ ಇಟಲಿಯಲ್ಲಿ ಆಗಸ್ಟ್ ತಿಂಗಳಲ್ಲಿ ಮನೆಮಂದಿಯೆಲ್ಲ ಸೇರಿ ವರ್ಷಕ್ಕಾಗುವಷ್ಟು ಟೊಮೆಟೊ ರಸ ತೆಗೆದು ಬಾಟಲಿಗಳಿಗೆ ತುಂಬುವ ಪದ್ಧತಿಯಿದೆ, ನಮ್ಮಲ್ಲಿ ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಇಡುವ ಹಾಗೆ. ಬಾಟಲಿಗೆ ತುಂಬಿ ಹೊರಗಿಡಬೇಕಾದರೆ ಹುಳಿಯ ಅಳತೆ, ಕುದಿಸುವ ಸಮಯ ಎಲ್ಲ ಪಕ್ಕಾ ಇರಬೇಕು, ತಪ್ಪಿದರೆ ವಿಷವಾಗುತ್ತದೆ. ಅದಕ್ಕೇ ನಾನು ಫ್ರೀಜರಿಗೆ ಇಟ್ಟೆ. ಪೂರ್ತಿ ಆರಿಸಿ, ಒಂದು ಊಟಕ್ಕೆ ಒಂದು ಡಬ್ಬಿಯ ಲೆಕ್ಕದಲ್ಲಿ, ಗಟ್ಟಿಯಾಗುವಾಗ ಹಿಗ್ಗಲು ಮೇಲೆ ಒಂದು ಬೆರಳು ಜಾಗ ಬಿಟ್ಟು ತುಂಬಿದೆ. ಮೂರು ತಿಂಗಳು ಅದರ ರುಚಿ ಕೆಡಲಿಲ್ಲ. ಬರೀ ಫ್ರಿಜ್ಜಿನಲ್ಲಾದರೆ ನಾಲ್ಕು ದಿನದೊಳಗೆ ಮುಗಿಸುತ್ತೇನೆ.

ಡಿಸೆಂಬರಿನಲ್ಲಿ ಕೊನೆಯ ಡಬ್ಬಿ ಕರಗಿಸಿದ ದಿನ ತಮ್ಮ ಊಟಕ್ಕೆ ಬಂದಿದ್ದ. ಅವನಿಗೆ ಪಾಸ್ತಾ ಅಷ್ಟಾಗಿ ಹಿಡಿಸಲಿಲ್ಲ, ಸಾಸನ್ನು ಮುದ್ದೆ ಜೊತೆ ಹಾಕಿಸಿಕೊಂಡು ಉಂಡ. ಮುಂದಿನ ಸಲ ನಾಟಿ ಹಾಕುವಾಗ ಬದುವಿನ ಪಕ್ಕದ ಎರಡು ಸಾಲು ನಾಟಿ ಟೊಮೆಟೊಗೆ ಬಿಡು ಅಂದೆ. ಮಾರ್ಕೆಟ್ಟಿನಲ್ಲಿ ಅದನ್ನು ಕೇಳುವವರಿಲ್ಲ ಅಕ್ಕ ಅಂದ. ಆ ಎರಡು ಸಾಲಿನ ಹಣ್ಣನ್ನು ನಾನೇ ಕೊಳ್ಳುತ್ತೇನೆ, ಆವತ್ತಿನ ಬೆಲೆ ಎಷ್ಟೇ ಇರಲಿ ಅಂತ ಹೇಳಿ ಕಳಿಸಿದ್ದೇನೆ.