ಸ್ಪ್ಯಾನಿಷ್ ಪದ ಒಡೆಯಲು ನನಗೆ ಒದಗಿದ್ದು ಯ, ರ, ಲ, ವ

ಸ್ಪ್ಯಾನಿಷ್ ಕಲಿಸುವಾಗ ಕನ್ನಡ ಲಿಪಿ ಹತ್ತಿರವೂ ಬರಬಾರದು, ಉಚ್ಚಾರ ಕೆಡುತ್ತದೆ ಅಂತ ಜೊತೆಯ ಟೀಚರ್‌ಗಳು ಹೇಳುತ್ತಲೇ ಇದ್ದರು. ಈಗ ನನ್ನ ಬೆಂಗಳೂರಿನ ಬ್ಯಾಚಿನಲ್ಲಿ ಪದವನ್ನು ಉಚ್ಚಾರದ ತುಂಡುಗಳಾಗಿ ಒಡೆಯುವುದೂ ಸ್ಟ್ರೆಸ್ (ಒಂದು ತುಂಡನ್ನು ಒತ್ತಿ ಹೇಳುವುದು) ಹಾಕುವುದೂ ಕನ್ನಡದಲ್ಲೇ ನಡೆಯುತ್ತದೆ. ಎರಡು ವಾರದಲ್ಲಿ ಹೆಚ್ಚುಕಮ್ಮಿ ಹತ್ತರಲ್ಲಿ ಎಂಟು ಜನಕ್ಕೆ ಕೈ ಕುದುರುತ್ತದೆ. ಈ ಮಾತನ್ನು ಧೈರ್ಯವಾಗಿಯೇ ಹೇಳುತ್ತೇನೆ.

ಅದಕ್ಕೆ ಮುಂಚೆ ಬೇಕಾದಷ್ಟು ಪಾಡು ಪಟ್ಟಾಯಿತು. ಚಪ್ಪಾಳೆ ತಟ್ಟಿಸಿದರೆ ನಮ್ಮವರು 'ಫಾರ್ಮಾಸಿಯಾ' ಎಂದು ನಾಲ್ಕು ತಟ್ಟುತ್ತಾರೆ, ಬೇಕಿರುವುದು ಮೂರೇ. ಬಣ್ಣದ ಕಾರ್ಡ್ ಪ್ರಿಂಟ್ ಹಾಕಿಸಿದೆ, ಏಳೆಂಟು ಸಾವಿರ ಕೈಬಿಟ್ಟಿತು. ಕಾರ್ಡಿನ ಪದಗಳು ಬಾಯಿಪಾಠವಾದವು, ಹೊಸ ಪದ ಬಂದರೆ ಮತ್ತೆ ತಡವರಿಕೆ. ಗುರು-ಲಘು ಕೂಡ ಹಾಕಿ ನೋಡಿದೆ. 'ಕಾನ್ತೊ' ಅಂದರೆ ಹಾಡುತ್ತೇನೆ, 'ಕನ್ತೋ' ಅಂದರೆ ಹಾಡಿದನು. ಸ್ಟ್ರೆಸ್ ಬೀಳುವ ಜಾಗ ಬೇರೆ ಬೇರೆ, ಆದರೆ ಎರಡರಲ್ಲೂ ಮೊದಲಕ್ಷರ ಗುರುವೇ. ಅಲ್ಲಿಗೆ ಬಿಟ್ಟೆ.

ಕೈ ಹಿಡಿದದ್ದು ಒತ್ತಕ್ಷರ. ಎರಡು ವ್ಯಂಜನ ಜೊತೆಯಾದರೆ ನಡುವೆ ಕತ್ತರಿಸಿ: 'ಪಾರ್-ತೆ'. ಕೆಳಗೆ ಯ, ರ, ಲ, ವ ಇದ್ದರೆ ಮುಟ್ಟಬೇಡಿ: 'ಲೀ-ಬ್ರೊ', 'ಆ-ಗ್ವ', 'ಪ್ವೇರ್-ತ'. ಆ ಫಾರ್ಮಸಿಯೂ 'ಫರ್-ಮಾ-ಸ್ಯ' ಆಗಿ ಮೂರಕ್ಕೇ ನಿಲ್ಲುತ್ತದೆ. ಐ, ಔ ನಮ್ಮಲ್ಲೇ ಇವೆ, 'ಕೌ-ಸ' ಬರೆಯಲು ಯೋಚಿಸಬೇಕಾಗಿಲ್ಲ. ಹೀಗೆ ಸ್ವರಗಳು ಸೇರಿದಾಗ ಇ, ಉ ಮೇಲೆ ಗೆರೆ (ಸ್ಪ್ಯಾನಿಷ್ ಬರಹದ ಸ್ಟ್ರೆಸ್ ಗುರುತು: í, ú) ಕಂಡರೆ ಮಾತ್ರ ಪೂರ್ತಿ ಅಕ್ಷರ ಕೊಡಿ: 'ಪ-ಈಸ್', 'ಪೊ-ಲಿ-ಸೀ-ಅ'.

ರ, ಲ ವಿಷಯದಲ್ಲಿ ಒಂದು ಷರತ್ತು ಇದೆ. ಮೇಲೆ ಪ, ಬ, ಕ, ಗ, ಫ ಇರಬೇಕು. ರ ಆದರೆ ತ, ದ ಕೂಡ ನಡೆಯುತ್ತದೆ. ಇಲ್ಲದಿದ್ದರೆ ಒಡೆಯುತ್ತದೆ: 'ಓನ್-ರ', 'ಈಸ್-ಲ'. ಅಥ್ಲೀಟ್ ಪದ ಮಾತ್ರ ಮೆಕ್ಸಿಕೊದಲ್ಲಿ 'ಅ-ತ್ಲೇ-ತ', ಸ್ಪೇನಿನ ಬಹುಭಾಗದಲ್ಲಿ 'ಅತ್-ಲೇ-ತ'. ಎರಡೂ ಸರಿ, ಸುಮ್ನೆ ಜಗಳ ಬೇಡ.

ಸ್ಟ್ರೆಸ್ ನಿಯಮ ನಿಮಗೆ ಗೊತ್ತೇ ಇದೆ. ನಾನು ಪದವನ್ನು ಬಾಲದಿಂದ ಓದಿಸುತ್ತೇನೆ, ಅಷ್ಟೇ. ಗೆರೆ ಇದೆಯಾ? ಅಲ್ಲೇ ಸ್ಟ್ರೆಸ್. ಇಲ್ಲವಾ? ಕೊನೆಯದು ಸ್ವರ, ಎನ್ ಅಥವಾ ಎಸ್ ಆದರೆ ಹಿಂದಿನ ತುಂಡಿಗೆ, ಬೇರೆಯಾದರೆ ಕೊನೆಯ ತುಂಡಿಗೆ. ಉದ್ದ ಪದದಲ್ಲೂ ಬಾಲದ ಎರಡು ತುಂಡು ಒಡೆದರೆ ಸಾಕು. ಎಷ್ಟು ಸಮಯ ಉಳಿಯುತ್ತದೆ ಅಲ್ವಾ?

ಬಹುವಚನದಲ್ಲಿ ಜಾಸ್ತಿ ಪರೀಕ್ಷೆ ಮಾಡಿ. 'ಹೋ-ವೆನ್' ಪದಕ್ಕೆ ಗೆರೆ ಬೇಡ, 'ಹೋ-ವೆ-ನೆಸ್' ಆದಾಗ ಬೇಕೇ ಬೇಕು. 'ಕ-ರಾಕ್-ತೆರ್' ಇನ್ನೂ ಮಜಾ: ಬಹುವಚನದಲ್ಲಿ ಸ್ಟ್ರೆಸ್ಸೇ ಜಾಗ ಬದಲಿಸಿ 'ಕ-ರಕ್-ತೇ-ರೆಸ್' ಆಗುತ್ತದೆ, ಗೆರೆ ಬಿದ್ದುಹೋಗುತ್ತದೆ.

'ತೆ-ಆ-ತ್ರೊ', 'ಪೊ-ಏ-ತ' ಥರ ಗೆರೆಯಿಲ್ಲದೆಯೂ ಪಕ್ಕಪಕ್ಕದ ಸ್ವರ ಬೇರೆಯಾಗುವ ಪದಕ್ಕೂ ಒಂದು ಉಪಾಯ ಇದೆ. ಅದು ಸದ್ಯಕ್ಕೆ ಫೀಸು ಕಟ್ಟಿದವರಿಗೆ.