ನಿಂತು ಕೆಲಸ ಮಾಡುವ ಮೇಜು: ಮೊದಲು ಮೊಣಕೈ ಅಳೆಯಿರಿ

ಸ್ಟ್ಯಾಂಡಿಂಗ್ ಡೆಸ್ಕ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಬೆಲೆ ನೋಡುತ್ತಾರೆ, ಆಮೇಲೆ ಅದನ್ನು ಏರಿಸಿ ಇಳಿಸುವ ಮೋಟರ್ ವಿಚಾರಿಸುತ್ತಾರೆ. ಅದಕ್ಕೂ ಮುಂಚೆ ಗೊತ್ತಿರಬೇಕಾದ್ದು ನಿಮ್ಮ ಮೊಣಕೈ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಮನೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರು ಬರಿಗಾಲಲ್ಲೇ ಅಳೆಯಬೇಕು, ಆಫೀಸಿನವರು ಶೂ ಹಾಕಿಕೊಂಡು. ನೆಟ್ಟಗೆ ನಿಂತು, ಭುಜ ಸಡಿಲ ಬಿಟ್ಟು, ಮುಂಗೈ ನೆಲಕ್ಕೆ ಸಮವಾಗುವಂತೆ ಕೈ ಮಡಚಿ. ಮೊಣಕೈಯ ಕೆಳಭಾಗದಿಂದ ನೆಲದವರೆಗೆ ಟೇಪ್ ಹಿಡಿಯಲು ಇನ್ನೊಬ್ಬರಿಗೆ ಹೇಳಿ. ಒಬ್ಬರೇ ಅಳೆಯಲು ಹೋದರೆ ಬಗ್ಗಬೇಕಾಗುತ್ತದೆ, ಲೆಕ್ಕ ತಪ್ಪುತ್ತದೆ. ಅಂದಾಜಿಗೆ ಬೇಕಾದರೆ ನಿಮ್ಮ ಎತ್ತರದ ಶೇ 63 ಹಿಡಿಯಿರಿ: 5 ಅಡಿ 2 ಇಂಚು ಇರುವವರಿಗೆ 99 ಸೆಂ.ಮೀ., 5 ಅಡಿ 6 ಇಂಚಿಗೆ 106, 5 ಅಡಿ 10 ಇಂಚಿಗೆ 112. ಇದರಲ್ಲಿ ಕೀಬೋರ್ಡಿನ ದಪ್ಪ, ಅಂದರೆ ಸುಮಾರು 2 ಸೆಂ.ಮೀ. ಕಳೆದರೆ ಮೇಜಿನ ಎತ್ತರ ಸಿಕ್ಕಿತು.

ಮೇಜು ಇದಕ್ಕಿಂತ ಎತ್ತರವಾದರೆ ಟೈಪ್ ಮಾಡುವಾಗ ಭುಜ ಮೇಲೆತ್ತಿಕೊಂಡೇ ಇರಬೇಕಾಗುತ್ತದೆ, ಸಂಜೆ ಹೊತ್ತಿಗೆ ಕುತ್ತಿಗೆಯ ಬುಡ ಹಿಡಿದುಕೊಳ್ಳುತ್ತದೆ. ತಗ್ಗಾದರೆ ಬೆನ್ನು ಬಾಗುತ್ತದೆ. ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು 'ನಿಂತು ಕೆಲಸ ಮಾಡಿದರೆ ಸೊಂಟ ನೋವು' ಎನ್ನುವವರ ತೊಂದರೆ ಇದೇ. ಆ ಕಟ್ಟೆ ಸಾಮಾನ್ಯವಾಗಿ 32ರಿಂದ 34 ಇಂಚು, ಅಂದರೆ 81ರಿಂದ 86 ಸೆಂ.ಮೀ. ಬಹುತೇಕ ಎಲ್ಲರಿಗೂ ಅದು ಕಡಿಮೆ ಬೀಳುತ್ತದೆ.

ಪರದೆಯದು ಬೇರೆ ಲೆಕ್ಕ. ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಕೊಂಚ ಕೆಳಗಿರಬೇಕು, ದೂರ ಒಂದು ತೋಳಿನಷ್ಟು. ಲ್ಯಾಪ್‌ಟಾಪಿನಲ್ಲಿ ಪರದೆ ಮತ್ತು ಕೀಲಿಗಳು ಅಂಟಿಕೊಂಡೇ ಇರುವುದರಿಂದ ಕೈಗೆ ಸರಿಯಾದರೆ ಕತ್ತಿಗೆ ಸರಿಯಿಲ್ಲ, ಕತ್ತಿಗೆ ಸರಿಯಾದರೆ ಕೈಗೆ ಸರಿಯಿಲ್ಲ. ಹಾಗಾಗಿ ಬೇರೆ ಕೀಬೋರ್ಡ್ ಮತ್ತು ಮೌಸ್ ಇಲ್ಲದೆ ಈ ಬದಲಾವಣೆಗೆ ಕೈ ಹಾಕಬೇಡಿ. ಲ್ಯಾಪ್‌ಟಾಪನ್ನು ಸ್ಟ್ಯಾಂಡ್ ಮೇಲೆ ಏರಿಸಿ. ಎತ್ತರ ಸಾಲದಿದ್ದರೆ ಅಡಿಗೆ ಎ4 ಕಾಗದದ ರೀಮ್ ಕೊಡಿ, 500 ಹಾಳೆಯ ಒಂದು ರೀಮ್ ಸುಮಾರು 5 ಸೆಂ.ಮೀ. ಎತ್ತರಿಸುತ್ತದೆ. ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಕನ್ನಡಕದವರು ಮಾತ್ರ ಪರದೆಯನ್ನು ಇನ್ನೂ ಕೆಳಗಿಟ್ಟು, ಸ್ವಲ್ಪ ಹಿಂದಕ್ಕೆ ವಾಲಿಸಬೇಕು. ಇಲ್ಲದಿದ್ದರೆ ಓದಲು ಗದ್ದ ಎತ್ತುತ್ತಲೇ ಇರುತ್ತಾರೆ.

ಮೊದಲು ಬಡಗಿಯ ಕೈಯಲ್ಲಿ ಒಂದು ಪೆಟ್ಟಿಗೆ

ಸಾವಿರಾರು ರೂಪಾಯಿ ಸುರಿಯುವ ಮುಂಚೆ, ಇರುವ ಮೇಜಿನ ಮೇಲೆ ಕೂರುವ ಪೆಟ್ಟಿಗೆ ಮಾಡಿಸಿ ನೋಡುವುದು ಜಾಣತನ. 5 ಅಡಿ 6 ಇಂಚಿನವರ ಲೆಕ್ಕ ಹೀಗೆ: ಬೇಕಾದ ಎತ್ತರ 104 ಸೆಂ.ಮೀ., ಇರುವ ಮೇಜು 75, ಅಂದರೆ ಪೆಟ್ಟಿಗೆ 29. ಪ್ಲೈವುಡ್ 18 ಮಿ.ಮೀ.ದು ಸಾಕು. ಮೇಲಿನ ಹಲಗೆ 75×40 ಸೆಂ.ಮೀ., ಎರಡು ಪಕ್ಕದ ಹಲಗೆ 40×27.2, ಹಿಂದೆ ಅಡ್ಡಪಟ್ಟಿ 71.4×15. ಹಿಂದಿನ ಪಟ್ಟಿ ಕಾಣುವುದಿಲ್ಲ, ಬೇಡ ಎಂದು ಬಡಗಿ ಹೇಳಿದರೆ ಒಪ್ಪಬೇಡಿ. ಟೈಪ್ ಮಾಡುವಾಗ ಪೆಟ್ಟಿಗೆ ಎಡಕ್ಕೂ ಬಲಕ್ಕೂ ಓಲಾಡದಂತೆ ತಡೆಯುವುದು ಅದೊಂದೇ. ಫೆವಿಕಾಲ್ ಜೊತೆಗೆ 40 ಮಿ.ಮೀ. ಸ್ಕ್ರೂ ಹಾಕಿಸಿ. ಅಡಿಗೆ ರಬ್ಬರ್ ಬುಷ್ ಹಾಕಿಸುವುದಾದರೆ ಅದರ ದಪ್ಪವನ್ನೂ ಎತ್ತರದಲ್ಲಿ ಕಳೆಯಿರಿ. ಮುಂದಿನ ಅಂಚನ್ನು ಗುಂಡಗೆ ಉಜ್ಜಿಸಿ, ಚೂಪು ಅಂಚು ಮುಂಗೈಗೆ ಒತ್ತಿ ಬೆರಳು ಜೋಮು ಹಿಡಿಯುತ್ತದೆ.

ಈ ಪೆಟ್ಟಿಗೆ ಮೇಜಿನ ಒಂದು ಪಕ್ಕದಲ್ಲಿರಲಿ, ಇನ್ನೊಂದು ಪಕ್ಕ ಕುಳಿತು ಮಾಡುವ ಕೆಲಸಕ್ಕೆ. ಹಾಗಾಗಿ ಮೇಜು 4 ಅಡಿಗಿಂತ ಕಡಿಮೆ ಅಗಲವಿದ್ದರೆ ಕಷ್ಟ. ಮಡಚುವ ಮೇಜಿನ ಮೇಲೆ ಇಡಲೇಬೇಡಿ.

ಮೋಟರ್ ಮೇಜು ಕೊಳ್ಳುವಾಗ

ಎಲ್ಲರೂ ಕೇಳುವುದು ಎಷ್ಟು ಮೇಲೇರುತ್ತದೆ ಎಂದು. ನಮ್ಮ ಸರಾಸರಿ ಎತ್ತರಕ್ಕೆ ಎಷ್ಟು ಕೆಳಗಿಳಿಯುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಎರಡು ಹಂತದ ಕಾಲುಗಳು (ಒಂದರೊಳಗೊಂದು ಜಾರುವ ಎರಡು ಕೊಳವೆಯವು) ಸುಮಾರು 71ರಿಂದ 118 ಸೆಂ.ಮೀ. ಓಡುತ್ತವೆ, ಮೂರು ಹಂತದವು 61-62ರಿಂದ ಶುರು. ಐದು ಅಡಿ ಆಸುಪಾಸಿನವರು ಪಾದ ನೆಲಕ್ಕೂರಿ ಕುಳಿತಾಗ ಬೇಕಾಗುವುದು 60-62 ಸೆಂ.ಮೀ. ಅವರು ಎರಡು ಹಂತದ್ದು ಕೊಂಡರೆ ನಿಲ್ಲುವಾಗ ಸರಿ, ಕೂರುವಾಗ ಕುರ್ಚಿ ಏರಿಸಿ ಕಾಲಡಿಗೆ ಮಣೆ ಇಟ್ಟುಕೊಳ್ಳಬೇಕು. ಹಲಗೆ ಸೇರಿಸಿ ಹೇಳಿದ ಎತ್ತರವೋ, ಬರೀ ಚೌಕಟ್ಟಿನದೋ ಎಂದು ಕೇಳಿ ತಿಳಿದುಕೊಳ್ಳಿ. 25 ಮಿ.ಮೀ. ಹಲಗೆ ಹಾಕಿದರೆ ಅಷ್ಟು ಎತ್ತರ ಸೇರುತ್ತದೆ.

ಹಲಗೆಯನ್ನು ನೀವೇ ಮಾಡಿಸಿ ಜೋಡಿಸುವುದಾದರೆ 18 ಮಿ.ಮೀ. ಪ್ಲೈಗೆ 16 ಮಿ.ಮೀ.ಗಿಂತ ಉದ್ದದ ಸ್ಕ್ರೂ ಬೇಡ, ಮೇಲಿನ ಲ್ಯಾಮಿನೇಟ್ ಉಬ್ಬಿ ಬಿರಿಯುತ್ತದೆ. ಪಾರ್ಟಿಕಲ್ ಬೋರ್ಡ್‌ನಲ್ಲಿ ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಬಿಗಿ ಹಿಡಿಯುವುದಿಲ್ಲ. ಒಂದು ವಾರ ಬಳಸಿದ ಮೇಲೆ ಎಲ್ಲ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಮೇಲಿನ ಎತ್ತರದಲ್ಲಿ ಅಲುಗಾಡುತ್ತದೆ ಎನ್ನುವ ದೂರಿಗೆ ಬಹಳ ಸಲ ಇಷ್ಟೇ ಪರಿಹಾರ, ಇನ್ನುಳಿದಿದ್ದಕ್ಕೆ ಕಾಲಿನ ಅಡಿಯ ತಿರುಪು ತಿರುಗಿಸಿ ನೆಲಕ್ಕೆ ಸಮ ಮಾಡಬೇಕು.

ತಂತಿಗಳಲ್ಲೇ ಹೆಚ್ಚಿನವರು ಎಡವುತ್ತಾರೆ. ಸ್ಪೈಕ್ ಗಾರ್ಡನ್ನು ಹಲಗೆಯ ಅಡಿಗೇ ಸ್ಕ್ರೂ ಮಾಡಿ, ಎಲ್ಲ ಪ್ಲಗ್ ಅದಕ್ಕೆ ಬರಲಿ. ಗೋಡೆಗೆ ಹೋಗುವುದು ಒಂದೇ ತಂತಿ ಇರಲಿ, ಅದು 2 ಮೀಟರಿಗೆ ಕಡಿಮೆ ಬೇಡ. ಸಿಪಿಯು ನೆಲದ ಮೇಲಿದ್ದರೆ ಪರದೆಗೆ ಹೋಗುವ 1.5 ಮೀಟರಿನ ಎಚ್‌ಡಿಎಂಐ ಸಾಲದು. ತಂತಿ ಕಟ್ಟುವ ಮುಂಚೆ ಮೇಜನ್ನು ತುದಿಯವರೆಗೆ ಏರಿಸಿ ನೋಡಿ. ಏರುವ ದಾರಿಯಲ್ಲಿ ಕಿಟಕಿ ಹಲಗೆ, ಸ್ವಿಚ್ ಬೋರ್ಡ್, ಗೋಡೆಯ ಶೆಲ್ಫ್ ಇದ್ದರೆ 3 ಸೆಂ.ಮೀ. ಜಾಗ ಬಿಟ್ಟು ಇಡಿ. ಏನಾದರೂ ತಾಗಿದರೆ ಮೇಜು ತಾನೇ ನಿಲ್ಲುವ, ಡಿಕ್ಕಿ ತಡೆಯುವ ಸೌಲಭ್ಯವನ್ನೇ ನೆಚ್ಚಿಕೊಳ್ಳಬಾರದು.

ಕರೆಂಟ್ ಹೋಗಿ ಬಂದ ಮೇಲೆ ಮೇಜು ಏರದೆ ನಿಂತರೆ ಗಾಬರಿ ಬೇಡ. ಬಹುತೇಕ ಮಾದರಿಗಳಲ್ಲಿ ಕೆಳಗಿಳಿಸುವ ಗುಂಡಿಯನ್ನು ಒತ್ತಿ ಹಿಡಿದರೆ ಪೂರ್ತಿ ಕೆಳಗಿಳಿದು, ಕೊಂಚ ಮೇಲೆದ್ದು, ರೀಸೆಟ್ ಆಗುತ್ತದೆ. ಮೋಟರ್ 2 ನಿಮಿಷ ಓಡಿದರೆ 18 ನಿಮಿಷ ಬಿಡುವು ಬೇಕೆಂದು ಹೆಚ್ಚಿನ ಕೈಪಿಡಿಗಳಲ್ಲಿ ಇರುತ್ತದೆ. ಮಕ್ಕಳು ಏರಿಸಿ ಇಳಿಸಿ ಆಡಿದರೆ ಬಿಸಿಯಾಗಿ ನಿಲ್ಲುವುದು ಇದಕ್ಕೇ.

ಎಷ್ಟು ಹೊತ್ತು ನಿಲ್ಲಬೇಕು

ದಿನವಿಡೀ ನಿಲ್ಲುವುದು ದಿನವಿಡೀ ಕೂರುವುದಕ್ಕಿಂತ ಒಳ್ಳೆಯದೇನಲ್ಲ. ಕಾಲಿನಲ್ಲಿ ರಕ್ತ ತಂಗುತ್ತದೆ, ಸೊಂಟ ಸೋಲುತ್ತದೆ. ಲಾಭವಿರುವುದು ಬದಲಾಯಿಸುವುದರಲ್ಲಿ. ಮೊದಲ ವಾರ ಒಂದು ಸಲಕ್ಕೆ 15-20 ನಿಮಿಷ, ದಿನಕ್ಕೆ ನಾಲ್ಕು ಸಲ ಸಾಕು. 2015ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಪ್ರಕಟವಾದ ತಜ್ಞರ ಸಲಹೆ, ಕೆಲಸದ ಅವಧಿಯಲ್ಲಿ ನಿಲ್ಲುವುದು ಮತ್ತು ಓಡಾಡುವುದು ಸೇರಿ 2 ಗಂಟೆಯಿಂದ ಶುರು ಮಾಡಿ ಕ್ರಮೇಣ 4 ಗಂಟೆಗೆ ಹೋಗಿ ಎನ್ನುತ್ತದೆ. ತೂಕ ಇಳಿಯುತ್ತದೆಂಬ ಆಸೆ ಮಾತ್ರ ಬೇಡ: ಕೂರುವುದಕ್ಕಿಂತ ನಿಲ್ಲುವುದರಲ್ಲಿ ನಿಮಿಷಕ್ಕೆ ಹೆಚ್ಚು ಖರ್ಚಾಗುವುದು ಸುಮಾರು 0.15 ಕಿಲೋ ಕ್ಯಾಲರಿ. ಫೋನ್ ಮಾತು, ಮೇಲ್, ಮೀಟಿಂಗ್ ನಿಂತು ಮುಗಿಸಿ. ಮೌಸಿನ ಸೂಕ್ಷ್ಮ ಕೆಲಸ ಕುಳಿತು ಮಾಡಿ.

ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಂತರೆ ಮೊದಲು ಹಿಮ್ಮಡಿ ಬೇನೆ. 18-20 ಮಿ.ಮೀ. ದಪ್ಪದ ಮ್ಯಾಟ್ ಬೇಕು. 6 ಮಿ.ಮೀ. ಯೋಗ ಮ್ಯಾಟನ್ನು ಮೂರು ಪದರ ಮಡಚಿದರೂ ಆಗುತ್ತದೆ, ಆದರೆ ಅದು ಎತ್ತರ ಕೂಡಿಸುತ್ತದೆ, ಮೇಜನ್ನು ಅಷ್ಟೇ ಏರಿಸಿ. ಪಕ್ಕದಲ್ಲಿ 10-15 ಸೆಂ.ಮೀ. ಎತ್ತರದ ಮಣೆ ಇಟ್ಟು ಒಂದೊಂದು ಪಾದವನ್ನು ಸರದಿಯಲ್ಲಿ ಅದರ ಮೇಲಿಡಿ, ಸೊಂಟದ ಬಿಗಿ ಸಡಿಲಾಗುತ್ತದೆ. ಮಂಡಿಯನ್ನು ಹಿಂದಕ್ಕೆ ಲಾಕ್ ಮಾಡಿಕೊಂಡು ನಿಲ್ಲಬೇಡಿ. ಮೇಜಿಗೆ ಮೊಣಕೈ ಊರಿ ಒರಗತೊಡಗಿದಿರಿ ಎಂದರೆ ಕುಳಿತುಕೊಳ್ಳುವ ಹೊತ್ತಾಯಿತು ಎಂದೇ ತಿಳಿಯಿರಿ. ಕಾಲಿನ ನರ ಉಬ್ಬಿರುವವರು, ಗರ್ಭಿಣಿಯರು, ಮಂಡಿ ಸವೆತ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಸಂಜೆಯ ಪಾದದ ಊತ ಬೆಳಿಗ್ಗೆ ಎದ್ದ ಮೇಲೂ ಇಳಿಯದಿದ್ದರೆ ನಿಲ್ಲುವುದನ್ನು ಬಿಟ್ಟು ತೋರಿಸಿಕೊಳ್ಳಿ.