ಮರೆಯಲ್ಲಿ ಒಯ್ಯುವ ಸಣ್ಣ ಪಿಸ್ತೂಲಿಗೆ ಕ್ಯಾಲಿಬರ್ ಆರಿಸುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿ, ಆತ್ಮರಕ್ಷಣೆಗೆಂದು ಉಡುಪಿನ ಮರೆಯಲ್ಲಿ ಒಯ್ಯುವಂಥ ಪಿಸ್ತೂಲು ಕೊಳ್ಳಲು ಯೋಚಿಸುತ್ತಿರುವ ಕನ್ನಡಿಗರು ಮೊದಲು ಕಾನೂನನ್ನು ತಿಳಿದುಕೊಳ್ಳಬೇಕು. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿಷೇಧಿಸುತ್ತದೆ. ಗ್ರೀನ್ ಕಾರ್ಡ್ ಉಳ್ಳವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಒಯ್ಯುವ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿಯಲ್ಲಿ ಹಾಲೋ ಪಾಯಿಂಟ್ ಗುಂಡುಗಳ (ತುದಿ ಟೊಳ್ಳಾಗಿದ್ದು, ತಗುಲಿದಾಗ ಅರಳಿ ಅಗಲವಾಗುವಂಥವು) ಮೇಲೂ ನಿರ್ಬಂಧವಿದೆ.

ಸಣ್ಣ ಪಿಸ್ತೂಲುಗಳಲ್ಲಿ ಇಂದು ಕ್ಯಾಲಿಬರ್‌ನ, ಅಂದರೆ ಗುಂಡಿನ ಅಳತೆ ಮತ್ತು ತೋಟೆಯ ಬಗೆಯ, ಆಯ್ಕೆ ಮುಖ್ಯವಾಗಿ 9 ಎಂಎಂ ಲ್ಯೂಗರ್ ಮತ್ತು .380 ಎಸಿಪಿ ಎಂಬ ಎರಡು ತೋಟೆಗಳ ನಡುವೆ ನಡೆಯುತ್ತದೆ. ಎರಡರ ಗುಂಡುಗಳ ವ್ಯಾಸ ಹೆಚ್ಚುಕಡಿಮೆ ಒಂದೇ. ಆದರೆ 9 ಎಂಎಂ ತೋಟೆಯ ಕವಚದ ಉದ್ದ 19 ಮಿ.ಮೀ., .380ಯದು 17 ಮಿ.ಮೀ. ಮೊದಲನೆಯದರ ಗುಂಡು ಸಾಮಾನ್ಯವಾಗಿ 115ರಿಂದ 147 ಗ್ರೇನ್ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ತೂಗಿದರೆ ಎರಡನೆಯದು 90ರಿಂದ 95 ಗ್ರೇನ್ ತೂಗುತ್ತದೆ, ವೇಗವೂ ಕಡಿಮೆ.

ಇನ್ನೂ ದೊಡ್ಡ ಕ್ಯಾಲಿಬರ್ ಬೇಡವೇ ಎಂಬ ಪ್ರಶ್ನೆಗೆ ಇತಿಹಾಸದಲ್ಲೇ ಉತ್ತರವಿದೆ. 1986ರ ಮಯಾಮಿ ಗುಂಡಿನ ಕಾಳಗದಲ್ಲಿ ತನ್ನ ಇಬ್ಬರು ಅಧಿಕಾರಿಗಳನ್ನು ಕಳೆದುಕೊಂಡ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ, ಗುಂಡು ಪರೀಕ್ಷೆಗೆ ಬಳಸುವ, ದೇಹದ ಮಾಂಸವನ್ನು ಹೋಲುವ ಜೆಲಟಿನ್‌ನಲ್ಲಿ 12ರಿಂದ 18 ಅಂಗುಲ ಆಳಕ್ಕೆ ಇಳಿಯಬೇಕೆಂಬ ಮಾನದಂಡವನ್ನು ರೂಪಿಸಿಕೊಂಡು, ಮೊದಲು 10 ಎಂಎಂ, ಆಮೇಲೆ .40 ಎಸ್ ಆ್ಯಂಡ್ ಡಬ್ಲ್ಯೂ ಎಂಬ ದೊಡ್ಡ ಕ್ಯಾಲಿಬರ್‌ಗಳ ಕಡೆಗೆ ಸರಿಯಿತು. ಗುಂಡಿನ ವಿನ್ಯಾಸ ಸುಧಾರಿಸಿದ ಮೇಲೆ, ಅದರ ಅಧಿಕಾರಿಗಳು ಬೇಗ ಮತ್ತು ನಿಖರವಾಗಿ ಹೊಡೆಯಬಲ್ಲರೆಂಬ ಕಾರಣಕ್ಕೆ, 2010ರ ದಶಕದಲ್ಲಿ ಮತ್ತೆ 9 ಎಂಎಂಗೆ ಮರಳಿತು. ಹಗುರವಾದ ಸಣ್ಣ ಪಿಸ್ತೂಲಿನಲ್ಲಿ .40ರ ಒದೆತ ಇನ್ನಷ್ಟು ಜೋರಾಗುವುದರಿಂದ ಅದನ್ನು ನಾನು ಯಾರಿಗೂ ಸೂಚಿಸಲಾರೆ.

ಹಾಗೆಂದು .380 ಸುಲಭವೆಂದು ಭಾವಿಸುವುದೂ ಸರಿಯಲ್ಲ. ವಾಲ್ಥರ್ ಪಿಪಿಕೆಯಂಥ ಬ್ಲೋಬ್ಯಾಕ್ (ನಳಿಗೆಗೂ ಸ್ಲೈಡಿಗೂ ಬೀಗವಿಲ್ಲದ) ಪಿಸ್ತೂಲಿನಲ್ಲಿ ಸ್ಲೈಡನ್ನು, ಅಂದರೆ ಮೇಲೆ ಹಿಂದೆಮುಂದೆ ಸರಿಯುವ ಭಾಗವನ್ನು, ತಡೆದು ಹಿಡಿಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರವಾದ್ದರಿಂದ ಆ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಕೈಯಲ್ಲಿ ಬಲ ಕಡಿಮೆಯಿರುವವರಿಗೆ ಸ್ಲೈಡ್ ಎಳೆಯುವುದೇ ಕಷ್ಟ. ಗ್ಲಾಕ್ 42ರಂತೆ ನಳಿಗೆ ಮತ್ತು ಸ್ಲೈಡ್ ಬೀಗ ಹಾಕಿಕೊಂಡು ಒಟ್ಟಿಗೆ ಹಿಂದೆ ಸರಿಯುವ ವಿನ್ಯಾಸದಲ್ಲಿ ಅದೇ ತೋಟೆ ಬಹಳ ಮೃದುವಾಗಿ ಹಾರುತ್ತದೆ. ಸಂಧಿವಾತ ಇರುವವರಿಗೆ ಇಂಥ .380ಯೇ ಉತ್ತಮ. ಇದಕ್ಕೊಂದು ಮಿತಿಯಿದೆ: ಸಣ್ಣ ನಳಿಗೆಯಲ್ಲಿ ವೇಗ ತಗ್ಗುವುದರಿಂದ .380ಯ ಹಾಲೋ ಪಾಯಿಂಟ್ ಅರಳಿದರೆ ಅನೇಕ ಸಲ ಸಾಕಷ್ಟು ಆಳಕ್ಕೆ ಇಳಿಯುವುದಿಲ್ಲ, ಆಳಕ್ಕೆ ಇಳಿದರೆ ಅರಳಿರುವುದಿಲ್ಲ. ಉಳಿದೆಲ್ಲರೂ 9 ಎಂಎಂನಿಂದಲೇ ಆರಂಭಿಸುವುದು ಒಳ್ಳೆಯದು.

ಕೊಳ್ಳುವ ಮುನ್ನ ಬಾಡಿಗೆಗೆ ಪಿಸ್ತೂಲು ಕೊಡುವ ಶೂಟಿಂಗ್ ರೇಂಜಿನಲ್ಲಿ, ತರಬೇತುದಾರರ ಸಮ್ಮುಖದಲ್ಲಿ, ಎರಡೂ ಕ್ಯಾಲಿಬರ್‌ಗಳಲ್ಲಿ ಏಳು ಗಜ ದೂರದಿಂದ ಐದೈದು ಗುಂಡುಗಳನ್ನು ತುಸು ವೇಗವಾಗಿ ಹೊಡೆದು ನೋಡಿ. ಮೊದಲ ಗುಂಡಿನಿಂದ ನಾಲ್ಕನೆಯದೂ ಐದನೆಯದೂ ಎಷ್ಟು ದೂರ ಬಿದ್ದಿವೆ ಎಂಬುದನ್ನು ಗಮನಿಸಬೇಕು. ಅವು ಅಂಗೈ ಅಗಲದಿಂದಾಚೆ ಚದುರಿದ್ದರೆ ಒದೆತ ನಿಮ್ಮ ಹಿಡಿತವನ್ನು ಮೀರುತ್ತಿದೆ ಎಂದರ್ಥ. ಆಗ ಕ್ಯಾಲಿಬರ್ ಬದಲಿಸುವ ಮೊದಲು, ಕಿರುಬೆರಳಿಗೂ ಜಾಗ ಸಿಗುವಷ್ಟು ಉದ್ದದ ಹಿಡಿಯುಳ್ಳ, ತುಸು ಭಾರವಾದ 9 ಎಂಎಂ ಪ್ರಯತ್ನಿಸಿ. ಆಯ್ಕೆ ಮುಗಿದ ಮೇಲೆ, ದಿನನಿತ್ಯ ಒಯ್ಯಲಿರುವ ತೋಟೆಗಳನ್ನೇ ಆ ಪಿಸ್ತೂಲಿನಲ್ಲಿ ಹಲವು ಮ್ಯಾಗಜೀನ್ ಹಾರಿಸಿ, ಒಂದೂ ಸಿಕ್ಕಿಹಾಕಿಕೊಳ್ಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.